ಕೋಡಿನವನು ತಮ್ಮ, ಚಾಟಿಯವಳು ಅವ್ವ

ಮೌನೇಶ್ವರಿಯ ಮದುವೆ ಬ್ಯಾನರಿನಲ್ಲಿ ನನ್ನ ಮುಖ ಇರಲಿಲ್ಲ. ಆ ಸಿಟ್ಟಿನಿಂದಲೇ ಶುರು ಮಾಡುತ್ತೇನೆ. ಯಾದಗಿರಿಯಿಂದ ಬೆಳಗಿನ ಬಸ್ಸು ಹಿಡಿದು, ಇಸ್ತ್ರಿ ಮಾಡಿದ ಅಂಗಿ ಮುದುಡೀತೆಂದು ಸೀಟಿದ್ದರೂ ಕೂರದೆ ನಿಂತೇ ಬಂದು, ಭೀಮರಾಯನಗುಡಿಯ ಮದುವೆ ಹಾಲಿನ ಮುಂದೆ ಇಳಿದರೆ ಗೇಟಿನ ಮೇಲೆ ಅಷ್ಟುದ್ದದ ಬ್ಯಾನರು. ನಡುವೆ ವಧು-ವರರ ಫೋಟೊ. ಕೆಳಗೆ ದಪ್ಪ ಅಕ್ಷರದಲ್ಲಿ ‘ಸ್ವಾಗತ ಕೋರುವವರು: ವಧುವಿನ ಮನೆಯವರು’. ನಮ್ಮ ಕಡೆ ಆ ಸಾಲಿನಲ್ಲಿ ಕಾಕಾ, ಮಾಮಾ, ಅಣ್ಣ-ತಮ್ಮಂದಿರ ಮುಖಗಳು ದುಂಡಗೆ ಕೂತಿರುತ್ತವೆ. ಇಲ್ಲಿ ಕೂತವರೇ ಬೇರೆ. ಒಬ್ಬನಿಗೆ ಕೋಡು, ಒಬ್ಬನಿಗೆ ಒಂದೇ ಕಣ್ಣು, ಒಬ್ಬಳ ಪಕ್ಕದಲ್ಲಿ ಚಾಟಿ. ಹಳೇ ವಿಡಿಯೋ ಗೇಮಿನ ವಿಲನ್‌ಗಳು, ಮದುಮಗಳು ಮೌನಿ ತನ್ನ ಕೈಯಾರೆ ಬರೆದವರು.

ಬೇರೆಯವರಿಗೆ ಅದು ತಮಾಷೆ. ನನಗಲ್ಲ, ಯಾಕೆಂದರೆ ಆ ಮೂವರು ಯಾರೆಂದು ನನಗೆ ಗೊತ್ತಿತ್ತು.

ನಾನು ಹೈಸ್ಕೂಲಿನಲ್ಲಿದ್ದಾಗ ಭೀಮರಾಯನಗುಡಿಯ ಕಾಲುವೆ ಕ್ಯಾಂಪು ಇನ್ನೂ ಗಿಜಿಗುಡುತ್ತಿತ್ತು. ಕಾಲುವೆ ಕೆಲಸಕ್ಕೆಂದು ಎಲ್ಲೆಲ್ಲಿಂದಲೋ ಬಂದ ಮಂದಿ ಸಂಜೆಗೆ ಕ್ವಾರ್ಟರ್ಸಿನ ಮುಂದೆ ಹೊರಸು ಹಾಕಿಕೊಂಡು ಹರಟುತ್ತಿದ್ದರು. ನನ್ನಪ್ಪ ಅಲ್ಲಿನ ಆಫೀಸಿನಲ್ಲಿ ಗುಮಾಸ್ತ. ಬಜಾರಿನ ತುದಿಗೆ ಸರದಾರಸಾಬನ ತಗಡಿನ ಶೆಡ್ಡು. ಒಳಗೆ ಎರಡು ಟಿವಿ, ಒಂದು ಡಬ್ಬಿ ಕ್ಯಾಸೆಟ್ಟು. ಅದೇ ನಮ್ಮ ವಿಡಿಯೋ ಗೇಮ್ ಅಂಗಡಿ. ಬೇಸಿಗೆಯಲ್ಲಿ ಒಳಗೆ ಕೂತರೆ ಬೆಂದು ಹೋಗಬೇಕು. ಆ ಸೆಕೆ, ಆ ಟೀಂ-ಟೀಂ ಸದ್ದು ನೆನೆದರೆ ಈಗಲೂ ಜೀವ ಹಿಗ್ಗುತ್ತದೆ.

ಸರದಾರಸಾಬನದೊಂದು ಕಾನೂನಿತ್ತು. ರೂಪಾಯಿ ಕೊಟ್ಟವನು ಹೀರೋ. ಕೊಡಲು ಇಲ್ಲದವನು ಹಿಂದೆ ನಿಂತು, ಆಟದ ಕೊನೆಗೆ ಬರುವ ವಿಲನ್ನನ್ನು ತನ್ನವನೆಂದು ಹಿಡಿಯಬೇಕು. ಆ ವಿಲನ್ ಕೈಯಲ್ಲಿ ಹೀರೋ ಸತ್ತರೆ ಹಿಂದಿನವನಿಗೆ ಒಂದು ಪೆಪ್ಪರಮೆಂಟು. “ಸುಮ್ಮ ನಿಂತು ನೋಡಬಾರದು ಬೇಟಾ, ಯಾರದರ ಕಡಿಯವ್ರು ಆಗ್ರಿ,” ಎನ್ನುತ್ತಿದ್ದ.

ನನ್ನ ಜೇಬಿನಲ್ಲಿ ಯಾವಾಗಲೂ ಚಿಲ್ಲರೆ ಇರುತ್ತಿತ್ತು, ಹಾಗಾಗಿ ನಾನು ಯಾವಾಗಲೂ ಹೀರೋ. ನನ್ನ ಬೆನ್ನ ಹಿಂದೆ ಮೌನಿ ಮತ್ತು ಗುರಪ್ಪ ನನ್ನ ಸಾವಿಗಾಗಿ ಬೊಬ್ಬೆ ಹೊಡೆಯುತ್ತಿದ್ದರು. ಗುರಪ್ಪ ಅವಳಿಗಿಂತ ಚಿಕ್ಕವನು, ಗೋಗಿಯಿಂದ ಕೂಲಿಗೆ ಬಂದವರ ಮಗ. ಕೋಡಿನ ವಿಲನ್ ಅವನದು. ಸಿಕ್ಕ ಒಂದೇ ಪೆಪ್ಪರಮೆಂಟನ್ನು ಅಂಗಿಯ ಚುಂಗಿನಲ್ಲಿಟ್ಟು ಕಡಿದು ಇಬ್ಬರೂ ತಿನ್ನುತ್ತಿದ್ದರು. ನಾನು ಗೆದ್ದರೆ ಮಾತ್ರ ಹಿಗ್ಗಲು ಇನ್ನೊಬ್ಬರಿರುತ್ತಿರಲಿಲ್ಲ. ಗೆದ್ದು ಒಬ್ಬನೇ ಮನೆಗೆ ಹೋಗುವುದು ಎಂಥ ದರಿದ್ರ ಕೆಲಸವೆಂದು ನನ್ನನ್ನು ಕೇಳಿ.

ಮೌನಿಯ ಅವ್ವ ಆಫೀಸುಗಳ ಕಸ ಗುಡಿಸುತ್ತಿದ್ದಳು. ಸೊಂಟದ ಮೇಲೆ ಕೂಸಿಟ್ಟುಕೊಂಡು ಕ್ಯಾಂಪಿಗೆ ಬಂದವಳು. ಯಾವೂರವ್ವ ಎಂದರೆ ಕೃಷ್ಣೆಯ ದಿಕ್ಕಿಗೆ ಕೈ ಮಾಡುವಳು. ನಿನ್ನ ಮಂದಿ ಯಾರು ಎಂದರೆ ಮಾತು ಬದಲಿಸುವಳು. ಕೆಲಸದ ಹೊತ್ತಿನಲ್ಲಿ ಮಗಳನ್ನು ಶೆಡ್ಡಿನಲ್ಲಿ ಬಿಡುತ್ತಿದ್ದಳು. ಸರದಾರಸಾಬನ ಎಡಗಣ್ಣಿಗೆ ಹೂ ಬಿದ್ದಿತ್ತು. “ಇರೂದು ಒಂದೇ ಕಣ್ಣು ಖರೆ, ಆದರ ಅದು ನಿನ್ನ ಮಗಳ ಮ್ಯಾಲೇ ಇರ್ತದ, ಹೋಗವ್ವ,” ಎನ್ನುತ್ತಿದ್ದ. ಸಂಜೆ ಅವಳು ಕಸಬರಿಗೆ ಹಿಡಿದೇ ಬಾಗಿಲಿಗೆ ಬಂದರೆ ಗುರಪ್ಪ, “ಚಾಟಿ ರಾಣಿ ಬಂದ್ಲೋ!” ಎಂದು ಕೂಗುವನು. ಅವಳು ನಗುವಳು. ನನ್ನನ್ನು ಕಂಡರೆ, “ತಮ್ಮಾ, ಉಂಡ್ಯಾ?” ಎಂದು ಕೇಳದೆ ಹೋಗುತ್ತಿರಲಿಲ್ಲ.

ಮೌನಿ ಶೆಡ್ಡಿನ ಪರಸಿಗಲ್ಲಿನ ನೆಲದ ಮೇಲೆ ಸೀಮೆಸುಣ್ಣದಲ್ಲಿ ವಿಲನ್‌ಗಳನ್ನೇ ಬರೆಯುತ್ತಿದ್ದಳು. ಬಡಿದಾಡುವುದನ್ನಲ್ಲ. ಕೋಡಿನವನು ಒಲೆ ಊದುತ್ತಿರುವುದು, ಒಂಟಿಗಣ್ಣಿನವನು ರೊಟ್ಟಿ ಮುರಿಯುತ್ತಿರುವುದು. ಒಮ್ಮೆ ನನ್ನನ್ನು ಕೇಳಿದಳು: “ನೀ ಹೊಡದು ಕೆಡವಿದ ಮ್ಯಾಲ ಇವ್ರು ಎಲ್ಲಿ ಹೋಗ್ತಾರ?”

“ಎಲ್ಲಿಗೂ ಇಲ್ಲ. ಸತ್ರು, ಮುಗೀತು.”

“ಸುಳ್ಳು. ಮನಿಗೆ ಹೋಗ್ತಾರ. ಎಲ್ಲಾರೂ ಒಂದೇ ಮನ್ಯಾಗ ಇರ್ತಾರ.”

ಕಾಲುವೆ ಕೆಲಸ ಮುಗಿಯಿತು, ಮಂದಿ ಗಂಟು ಕಟ್ಟಿದರು, ಕ್ವಾರ್ಟರ್ಸಿಗೆ ಬೀಗ ಬಿದ್ದವು. ಕೈಕೈಗೆ ಮೊಬೈಲ್ ಬಂದ ಮೇಲೆ ಸರದಾರಸಾಬನೂ ಶೆಡ್ಡು ಮುಚ್ಚಿದ. ನಾನು ಯಾದಗಿರಿಯಲ್ಲಿ ಅಪ್ಪನಂತೆಯೇ ಗುಮಾಸ್ತನಾದೆ. ಗುರಪ್ಪ ಗೋಗಿ-ಶಹಾಪುರ ನಡುವೆ ಟಂಟಂ ಆಟೊ ಓಡಿಸತೊಡಗಿದ. ಮೌನಿ ಶಹಾಪುರದ ಬ್ಯಾನರ್ ಅಂಗಡಿಯಲ್ಲಿ ಕಂಪ್ಯೂಟರಿನ ಮುಂದೆ ಕೂತಳು. ಅಲ್ಲಿ ಸೇರಿದ ಮರುವರ್ಷ ಅವಳ ಅವ್ವ ತೀರಿಕೊಂಡಳು. ಮಣ್ಣಿಗೆ ಸರದಾರಸಾಬ, ಗುರಪ್ಪ, ನಾನು, ಮೂವರು ಗಂಡಸರು ಹೋಗಿದ್ದೆವು, ಮತ್ತೆ ಯಾರೂ ಬಂದಿರಲಿಲ್ಲ.

ತಾಲೂಕಿನ ಮದುವೆ, ಸೀಮಂತ, ತೊಟ್ಟಿಲು, ಶ್ರದ್ಧಾಂಜಲಿ ಎಲ್ಲ ಅವಳ ಕೈಮೇಲೆ ಹೋಗುತ್ತಿದ್ದವು. ಯಾವ ಮನೆಗೆ ಯಾರು ಬೀಗರು, ಯಾವ ಕಾಕಾನ ಮುಖ ಸಣ್ಣದಾದರೆ ಜಗಳ ಏಳುತ್ತದೆ ಎಂಬುದು ಅವಳಿಗೆ ಬಾಯಿಪಾಠ. ಊರವರ ನೆಂಟರನ್ನೆಲ್ಲ ಸಾಲಾಗಿ ಕೂಡಿಸಿ, ಗಿರಾಕಿ ಇಲ್ಲದ ಹೊತ್ತಿನಲ್ಲಿ ಅದೇ ಕಂಪ್ಯೂಟರಿನಲ್ಲಿ ತನ್ನ ವಿಲನ್‌ಗಳನ್ನು ಬರೆಯುತ್ತಿದ್ದಳು, ಮೊಬೈಲಿನಲ್ಲಿ ಹಾಕುತ್ತಿದ್ದಳು. ಯಾವುದೋ ದೇಶದ ಹುಡುಗಿಯೊಬ್ಬಳು, ಈ ಮನೆಯಲ್ಲಿ ನನಗೂ ಒಂದು ಮೂಲೆ ಕೊಡು ಎಂದು ಬರೆದಿದ್ದಳಂತೆ. ಸುರಪುರದ ಕಡೆಯ ಹೊಳೆದಂಡೆಯ ಹುಡುಗ ಅರ್ಜುನ, ಮೀನಿನ ಅಂಗಡಿಗೆ ಬೋರ್ಡು ಮಾಡಿಸಲು ಬಂದವನು, ಆ ಚಿತ್ರಗಳನ್ನು ನೋಡುತ್ತ ನಿಂತು ಬೋರ್ಡಿನ ಮಾತು ಮರೆತ. ಹಾಗೆ ಕೂಡಿಬಂದ ಮದುವೆ ಇದು.

ಗೇಟಿನ ಮುಂದೆ ನಿಂತು ನಾನು ಬ್ಯಾನರ್ ಓದಿದೆ. ಕುರ್ಚಿಯಲ್ಲಿ ಒಂಟಿಗಣ್ಣಿನವನು: ಅಜ್ಜ. ಅವನ ಕಾಲ ಬಳಿ ಕೋಡಿನವನು: ತಮ್ಮ. ಚಾಟಿ ಬದಿಗಿಟ್ಟು ಹುಡುಗಿಯೊಬ್ಬಳ ತಲೆ ಬಾಚುತ್ತಿರುವವಳು: ಅವ್ವ. ಕೊನೆಗೆ ಒಬ್ಬ, ಕೆಂಗಣ್ಣು, ಉಬ್ಬುಹಲ್ಲು, ಅಂಗಿಯ ಜೇಬು ಉಬ್ಬಿ ಜೋತುಬಿದ್ದಿತ್ತು. ಕೆಳಗೆ ‘ಸೋದರಮಾವ’. ಇವನು ಯಾವ ಕ್ಯಾಸೆಟ್ಟಿನವನೂ ಅಲ್ಲ. ನನ್ನನ್ನು ಬಿಟ್ಟು ಇವನನ್ನು ಎಲ್ಲಿಂದ ತಂದಳು? ಹೊಟ್ಟೆಕಿಚ್ಚಿಗೆ ಊರುಕೇರಿ ಇರುವುದಿಲ್ಲ.

ಅಷ್ಟರಲ್ಲಿ ಬೀಗರ ಕ್ರೂಸರ್ ಗಾಡಿ ಬಂತು. ಅರ್ಜುನನ ಕಾಕಾ ಅಯ್ಯಪ್ಪ ಮುಂದಿನ ಸೀಟಿನಿಂದಲೇ ಬ್ಯಾನರ್ ನೋಡಿ ಕೆಂಡವಾದ.

“ನಾವು ಹೆಣ್ಣು ತರಾಕತ್ತಿದ್ದು ರಾಕ್ಷಸರ ಮನಿಂದೇನ್ರಿ? ಚೇಷ್ಟಿ ಮಾಡತೀರಿ? ಇಳಸ್ರಿ ಅದನ್ನ. ಇಲ್ಲಂದ್ರ ಗಾಡಿ ತಿರುಗಸ್ತೀವಿ.”

“ಕಾಕಾ, ನನಗ ಗೊತ್ತಿತ್ತು, ನಾನೇ ಹ್ಞೂಂ ಅಂದೀನಿ,” ಎಂದ ಅರ್ಜುನ, ಬಾಸಿಂಗದ ಸಂದಿಯಿಂದ. ಯಾರೂ ಅವನನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ನಾನು ಒಳಗೆ ಓಡಿದೆ.

ಅರಿಸಿನದ ಮೈಯಲ್ಲಿ ಕೂತಿದ್ದ ಮೌನಿ ಅಲ್ಲಾಡಲಿಲ್ಲ. “ಇಳಸಂಗಿಲ್ಲ. ಅವ್ವಂದು ಒಂದು ಫೋಟೊ ಇಲ್ಲ ನನ್ನತ್ರ. ಆಕಿನ್ನ ಬಿಟ್ಟು ಉಳಿದವ್ರ ಫೋಟೊ ಹಾಕ್ಲೇನು? ಅದಕ್ಕ ಎಲ್ಲಾರನೂ ಬರದೀನಿ.”

“ಮದಿವಿ ಮುರೀತದ, ಮೌನಿ.”

“ಮುರಿಯೂದಿದ್ರ ಮುರೀಲಿ. ಮಂದಿ ಇಲ್ಲದಾಕಿ ಅಂತ ಹೇಳಿಸಿಕೊಂಡು ನಾ ಹಂದರ ಏರಂಗಿಲ್ಲ.”

ಓದಿದವನು ನಾನೆಂದು ಎಲ್ಲರೂ ನನ್ನನ್ನೇ ಗಾಡಿಯ ಕಡೆ ತಳ್ಳಿದರು. ನಾನು ಹೀರೋ, ಲೆವೆಲ್ಲು, ಕ್ಯಾಸೆಟ್ಟು ಎಂದು ಶುರುಮಾಡಿ ನಾನೇ ಗೊಂದಲಕ್ಕೆ ಬಿದ್ದೆ. ಆಗ ಹಿಂದಿನ ಕಿಟಕಿಯಿಂದ ಒಂದು ಮುಪ್ಪಾದ ತಲೆ ಹೊರಬಂತು. ಅರ್ಜುನನ ಅಜ್ಜಿ ಮರಿಲಿಂಗಮ್ಮ.

“ಅಯ್ಯಪ್ಪ, ಬಾಯಿ ಮುಚ್ಚು. ನೀನೂ ಸುಮ್ಮನಿರಪ,” ಎಂದು ನಮ್ಮಿಬ್ಬರನ್ನೂ ಒಂದೇ ಏಟಿಗೆ ಅಡಗಿಸಿ, ಕೈಯನ್ನು ಹುಬ್ಬಿಗೆ ಅಡ್ಡ ಹಿಡಿದು ನೋಡಿದಳು. “ಆ ಚಾಟಿಯಾಕಿ ಕೂಸಿನ ತಲಿ ಹಿಕ್ಕಾಕತ್ತಾಳ. ಹೊರಗಿನಾಕಿ ಹಂಗ ಹಿಕ್ಕತಾಳೇನು? ಆಕಿ ಅವ್ವನೇ. ಅಜ್ಜ ಯಾರು?”

ಸರದಾರಸಾಬ ಟೋಪಿ ಸರಿಮಾಡಿಕೊಂಡು ಮುಂದೆ ಬಂದು, “ನಾನ್ರೀ ಅಮ್ಮಾ,” ಎಂದ.

“ತಮ್ಮ?”

ಗುರಪ್ಪ ಕೈ ಎತ್ತಿದ.

“ಸ್ವಾದರಮಾವ ಎಲ್ಲದಾನ? ಹುಡುಗೀನ ಹಂದರಕ್ಕ ಕರಕೊಂಡು ಬರಾವ ಅವನಲ್ಲೇನು? ಬರೇ ಚಿತ್ರದಾಗಿನ ಮಾವ ಆ ಕೆಲಸ ಮಾಡೂದಿಲ್ಲ. ಅವನ್ನ ತೋರಸ್ರಿ, ನಾ ಇಳೀತೀನಿ.”

“ನನಗ ಗೊತ್ತಿಲ್ರಿ ಅವ್ವಾರ,” ಎಂದೆ.

“ಅಂವಗ ಹ್ಯಾಂಗ ಗೊತ್ತಾಗ್ತದ್ರಿ, ಅಂವನೇ ಅಂವ!” ಮೌನಿ ಗೇಟಿಗೆ ಬಂದು ನಿಂತಿದ್ದಳು, ಮದುಮಗಳು ಹೊರಗೆ ಬರಬಾರದೆಂಬ ಖಬರಿಲ್ಲದೆ. ಕೈ ನನ್ನ ಕಡೆ ತೋರಿಸುತ್ತಿತ್ತು.

“ನಾನಾ? ನಾ ಹೀರೋ ಆಗಿದ್ದೆ.”

“ನಿನ್ನ ಕಡಿಂದ. ನಮ್ಮ ಕಡಿಂದ ನೋಡು. ದಿನಾ ಬಂದು ನಮ್ಮವ್ರನ್ನ ಬಡದು ಹೋಗಾವ ನೀನು. ನಿನಗಿಂತ ದೊಡ್ಡ ವಿಲನ್ ಯಾರಿದ್ರು ನಮಗ? ಆ ಚಿಲ್ಲರಿ ಜೇಬು ನೋಡಿದ್ರನೂ ಗೊತ್ತಾಗಲಿಲ್ಲೇನು? ಅವ್ವ ನಿನ್ನ ಸಾಯೂತನಕ ತಮ್ಮಾ ಅಂದ್ಲು. ಅವ್ವನ ತಮ್ಮ ನನಗ ಏನಾಗ್ತಾನ, ನೀನೇ ಹೇಳು.”

ಮರಿಲಿಂಗಮ್ಮ ಒಮ್ಮೆ ನನ್ನನ್ನು, ಒಮ್ಮೆ ಬ್ಯಾನರನ್ನು ನೋಡಿ, “ಹಲ್ಲು ಹೋಲ್ತಾವ ಬಿಡು,” ಎಂದು ಬಾಗಿಲು ತೆಗೆಸಿದಳು. ಅಜ್ಜಿ ಇಳಿದ ಮೇಲೆ ಅಯ್ಯಪ್ಪ ಗಾಡಿಯಲ್ಲಿ ಕೂತು ಮಾಡುವುದೇನು? ಅವನೂ ಇಳಿದ.

ಮುಹೂರ್ತಕ್ಕೆ ನಾನು ಮೌನಿಯ ಕೈ ಹಿಡಿದು ಹಂದರದ ಕಡೆ ನಡೆಸಿದೆ. ಇಷ್ಟು ವರ್ಷ ಹೊರಗಿನವನೆಂದುಕೊಂಡಿದ್ದ ಮನೆಯಲ್ಲಿ ನನಗೆ ಜಾಗ ಇತ್ತೆಂಬ ಸಂತೋಷ ತಡೆಯಲಾಗದೆ, ಅರ್ಧ ದಾರಿಯಲ್ಲಿ ನಾಚಿಕೆಯಿಲ್ಲದೆ ಅಳತೊಡಗಿದೆ.

ಪಕ್ಕದಲ್ಲಿ ಬರುತ್ತಿದ್ದ ಮರಿಲಿಂಗಮ್ಮ ಗದರಿದಳು. “ಮಾವ ಅಳಬಾರದಪ. ಅಳೂದು ಅವ್ವನ ಕೆಲಸ.”

“ಅವ್ವ ಇಲ್ಲಲ್ರೀ,” ಎಂದೆ.

ಮುದುಕಿ ತನ್ನ ಸೆರಗಿನ ತುದಿಯನ್ನು ನನ್ನ ಕೈಗೆ ಕೊಟ್ಟಳು.

“ಹಂಗಾದ್ರ ಆಕಿ ಪಾಲಿಂದೂ ನೀನೇ ಅಳು. ನಡಿ.”