ಬಾಳೆತೋಟದ ಶೂಟಿಂಗು ಒಕ್ಕಲುತನವೇ?

ಕಲಬುರಗಿಗೆ ಬಂದ ಮರುದಿನ ಬೆಳಿಗ್ಗೆ ಮನೆಯ ಮಾಲೀಕಿ ಜುಬೇದಾ ಖಾಲಾ ಬಾಗಿಲು ಬಡಿದು, "ಬಂದಾವ, ಬಂದಾವ! ಲಗೂನ ಬರ್ರಿ!" ಎಂದು ಕೂಗಿದರು. ಯಾರೋ ನೆಂಟರು ದಂಡು ಕಟ್ಟಿಕೊಂಡು ಬಂದಿದ್ದಾರೆ ಎಂದುಕೊಂಡು ನಾನು ತಲೆ ಬಾಚಿ, ಸೆರಗು ಸರಿಮಾಡಿಕೊಂಡು ಹೊರಗೆ ಬಂದೆ. ಯಾರೂ ಇರಲಿಲ್ಲ. ಖಾಲಾ ಕೈಯಲ್ಲಿ ಪೈಪು ಹಿಡಿದು ನಿಂತಿದ್ದರು. "ನೀರ ಬಂದಾವ್ರಿ. ಕೊಡ ಎಲ್ಲಿ?"

ಕುಂದಾಪುರದಲ್ಲಿ ನೀರಿಗೆ ಯಾರೂ ಇಷ್ಟು ಮರ್ಯಾದೆ ಕೊಡುವುದಿಲ್ಲ. ಮಳೆಗಾಲದಲ್ಲಿ ಕರೆಯದೆ ಅಂಗಳಕ್ಕೆ ನುಗ್ಗುವ ನೀರನ್ನು ನಾವು ಬೈದೇ ಅಭ್ಯಾಸ. ಇಲ್ಲಿ ನೀರು ಬಹುವಚನದಲ್ಲಿ ಬರುತ್ತದೆ, ಬಹುವಚನದಲ್ಲೇ ಹೋಗುತ್ತದೆ. 'ನೀರು ಹೋದ್ವು' ಎಂದು ಖಾಲಾ ಹೇಳಿದಾಗ ಬಂಧುಗಳನ್ನು ಬಸ್ಸು ಹತ್ತಿಸಿ ಬಂದಷ್ಟು ಬೇಸರ ಅವರ ದನಿಯಲ್ಲಿರುತ್ತಿತ್ತು. ಈಗ ನನಗೂ ಹಾಗೇ ಆಗುತ್ತದೆ.

ನನ್ನ ಗಂಡನಿಗೆ ಇಲ್ಲಿನ ಒಂದು ಕಾಲೇಜಿನಲ್ಲಿ ಕೆಲಸ ಸಿಕ್ಕಿತು. ಬೆಂಗಳೂರಿನಲ್ಲಿ ಸಿನಿಮಾದವರ ತೆರಿಗೆ, ಲೆಕ್ಕಪತ್ರ ನೋಡುವ ಕಚೇರಿಯಲ್ಲಿದ್ದ ನಾನು ಕಂಪ್ಯೂಟರು ಕಟ್ಟಿಕೊಂಡು ಅವರ ಜೊತೆ ಹೊರಟೆ. ಎರಡು ವರ್ಷ ಇದ್ದು ನೋಡುವುದು, ಆಮೇಲೆ ಊರಿನ ಕಡೆಗೆ ಎಂದು ಅಮ್ಮನಿಗೆ ಹೇಳಿದ್ದೆ. ಶರಣಸಿರಸಗಿಯ ಹೊಸ ಬಡಾವಣೆಯಲ್ಲಿ ಖಾಲಾ ಅವರ ಮೇಲಿನ ಮನೆ ಬಾಡಿಗೆಗೆ ಸಿಕ್ಕಿತು. ಕಿಟಕಿಯ ಒಂದು ಬದಿಗೆ ತೊಗರಿ ಹೊಲ, ಇನ್ನೊಂದು ಬದಿಗೆ ಸಿಮೆಂಟಿನ ಲಾರಿ.

ಬಿಸಿಲಿನ ಬಗ್ಗೆ ಎಲ್ಲರೂ ಹೆದರಿಸಿದ್ದರು. ನಿಜ ಹೇಳುತ್ತೇನೆ, ನಮ್ಮ ಕರಾವಳಿಯ ಬೆವರಿಗಿಂತ ಈ ಒಣ ಬಿಸಿಲೇ ವಾಸಿ. ಬಟ್ಟೆ ಒಣಗುವುದನ್ನು ಕಣ್ಣೆದುರೇ ನೋಡಬಹುದು. ಕಷ್ಟವಾದದ್ದು ಊಟ. ಮೀನಿನ ವಾಸನೆಯಿಲ್ಲದ ಮಧ್ಯಾಹ್ನಗಳು ಮಧ್ಯಾಹ್ನವೆಂದೇ ಅನಿಸುತ್ತಿರಲಿಲ್ಲ. ಜೋಳದ ರೊಟ್ಟಿ ತಟ್ಟಲು ಹೋಗಿ ಕಲ್ಲಿಗೂ ಕೈಗೂ ಮೆತ್ತಿಕೊಂಡೆ. ಖಾಲಾ ನೋಡಿ ಬಿದ್ದು ಬಿದ್ದು ನಕ್ಕು, "ರೊಟ್ಟಿ ಅಲ್ರಿ ಇದು, ನಕಾಶೆ ಅದ," ಎಂದರು. ಅವರೇ ಪಕ್ಕದಲ್ಲಿ ಕೂತು ಕಲಿಸಿದರು. ಪುಂಡಿಪಲ್ಯದ ಹುಳಿ ನಾಲಗೆಗೆ ಹತ್ತಿದ ಮೇಲೆ ಊಟದ ಚಿಂತೆ ಅರ್ಧ ಇಳಿಯಿತು. ಇನ್ನರ್ಧ ಇಂದಿಗೂ ಇದೆ. ಬಂಗುಡೆ ಸಾರಿಗೆ ಬದಲಿ ಇಲ್ಲ, ಇದ್ದರೆ ನನಗೆ ಹೇಳಿ.

ಪೇಟೆಯ ಜಗತ್ ಸರ್ಕಲ್ ಕಡೆ ಒಂದು ಬಟ್ಟೆ ಅಂಗಡಿಯ ಮೇಲೆ ಕೋಣೆ ಹಿಡಿದು, 'ಸಿನಿಮಾ, ನಾಟಕ, ವಿಡಿಯೊ ಕಲಾವಿದರ ತೆರಿಗೆ ಸಲಹೆ' ಎಂದು ಬೋರ್ಡು ಹಾಕಿದೆ. ಮೊದಲ ವಾರ ಬಂದವರೆಲ್ಲ ಸಿನಿಮಾದಲ್ಲಿ ಚಾನ್ಸ್ ಕೇಳಲು ಬಂದವರು! ಒಬ್ಬರಂತೂ ಮೆಟ್ಟಿಲ ಮೇಲೆಯೇ ಅತ್ತು ತೋರಿಸಿದರು. ಚೆನ್ನಾಗಿಯೇ ಅತ್ತರು, ಪಾಪ.

ಆಮೇಲೆ ನಿಜವಾದ ಗಿರಾಕಿಗಳು ಬಂದರು. ಈ ಕಡೆ ಮೊಬೈಲಿಗಾಗಿ ಹಾಸ್ಯದ ವಿಡಿಯೊ ಮಾಡುವವರು, ಮದುವೆಯ ಫೋಟೊ ತೆಗೆಯುವವರು, ನಾಟಕಕ್ಕೆ ಕ್ಯಾಸಿಯೊ ಬಾರಿಸುವವರು ಊರಿಗೆ ಹತ್ತು ಜನ ಇದ್ದಾರೆ. ಬೆಂಗಳೂರಿನಲ್ಲಿ ಒಂದು ಪಾತ್ರ ಮಾಡಿದವನೂ ತಾನು ನಟ ಎಂದು ಕಾರ್ಡು ಹಂಚುತ್ತಾನೆ. ಇಲ್ಲಿ ಹತ್ತು ವರ್ಷ ನಟಿಸಿದವರನ್ನು ಏನು ಕೆಲಸ ಎಂದು ಕೇಳಿದರೆ, "ಖಾಲಿ ಅದೀನ್ರಿ," ಎನ್ನುತ್ತಾರೆ. ಈ ವಾರ ಶೂಟಿಂಗ್ ಇಲ್ಲ ಎಂಬುದು ಅದರ ಅರ್ಥ. ನಿರುದ್ಯೋಗಿ ಎಂದು ಬರೆದುಕೊಂಡರೆ ಮುಗಿಯಿತು.

ಕಮಲಾಪುರದ ಶರಣಪ್ಪ ಬಂದದ್ದು ಆ ದಿನಗಳಲ್ಲೇ. ವಿಡಿಯೊಗಳಲ್ಲಿ ಸಿಡುಕಿನ ಮಾವನ ಪಾತ್ರ ಮಾಡುವ ಮನುಷ್ಯ. ನನ್ನ ಕೋಣೆಗೆ ಅವನು ಕಾಲಿಟ್ಟ ಕೂಡಲೆ ಕೆಳಗಿನ ಬಟ್ಟೆ ಅಂಗಡಿಯವರೆಲ್ಲ ಮೆಟ್ಟಿಲಲ್ಲಿ ನೆರೆದರು. ಎದುರು ಕೂತಾಗ ಮಾತ್ರ ಮೆತ್ತಗೆ, ನಾಚಿಕೆಯ ಗಂಡಸು. ತೆರಿಗೆ ಇಲಾಖೆಯಿಂದ ಮೊಬೈಲಿಗೆ ನೋಟಿಸು ಬಂದಿತ್ತು, ಅದನ್ನು ತೋರಿಸಿದ.

"ನಿಮ್ಮ ಉದ್ಯೋಗ?" ಎಂದು ಕೇಳಿದೆ.

"ಒಕ್ಕಲುತನ ರೀ."

ನಮ್ಮ ಕಡೆ ಒಕ್ಕಲು ಎಂದರೆ ಇನ್ನೊಬ್ಬರ ಭೂಮಿಯನ್ನು ಗೇಣಿಗೆ ಮಾಡುವವರು. ನಾನು ಸಹಜವಾಗಿ, "ಯಾರ ಒಕ್ಕಲು ನೀವು?" ಎಂದೆ.

ಅವನ ಮುಖ ಕೆಂಪಾಯಿತು. "ಯಾರ ಒಕ್ಕಲೂ ಅಲ್ರಿ ಅಕ್ಕಾರ. ನಮ್ಮ ಅಜ್ಜನ ಕಾಲದಿಂದ ಹೊಲ ನಮ್ಮದ ಅದ," ಎಂದು ಎದ್ದೇ ನಿಂತ. ಈ ಸೀಮೆಯಲ್ಲಿ ಒಕ್ಕಲುತನವೆಂದರೆ ಬೇಸಾಯ. ಅದನ್ನು ತಿಳಿದುಕೊಳ್ಳಲು ನಾನು ಎರಡು ಚಹಾ ತರಿಸಿ ಅವನನ್ನು ಮತ್ತೆ ಕೂರಿಸಬೇಕಾಯಿತು.

ವಿಷಯ ಹೀಗಿತ್ತು. ಅವನೂ ಅವನ ಅಣ್ಣ ವೀರಣ್ಣನೂ ಜೊತೆಯಲ್ಲೇ ಕೆಂಪು ಬಾಳೆ ಬೆಳೆಯುತ್ತಾರೆ. ಬೆಂಗಳೂರಿನ ಒಂದು ತಂಡ ಆ ತೋಟದಲ್ಲಿ ಚಿತ್ರೀಕರಣ ಮಾಡಿತು. ತೋಟದ ಬಾಡಿಗೆ, ನಟನೆಯ ಸಂಭಾವನೆ ಎರಡನ್ನೂ ಶರಣಪ್ಪನ ಹೆಸರಿಗೇ ಕೊಟ್ಟಿತು, ಎರಡರಲ್ಲೂ ಮುಂಗಡವಾಗಿ ತೆರಿಗೆ ಹಿಡಿದು ಇಲಾಖೆಗೆ ತಿಳಿಸಿತು. ಶರಣಪ್ಪ ತಾನೇ ಮೊಬೈಲಿನಲ್ಲಿ ರಿಟರ್ನ್ ತುಂಬಿ, ಎಲ್ಲವನ್ನೂ ಕೃಷಿ ಆದಾಯ ಎಂದು ತೋರಿಸಿಬಿಟ್ಟಿದ್ದ. ಕೃಷಿ ಆದಾಯಕ್ಕೆ ತೆರಿಗೆಯಿಲ್ಲ ಎಂಬುದು ಅವನಿಗೆ ಗೊತ್ತಿತ್ತು.

"ಸುಳ್ಳು ಬರೆದಿದ್ದೀರಲ್ಲ?" ಎಂದೆ.

"ಸುಳ್ಳ್ಯಾಕ್ರಿ? ಹೊಲದಾಗ ನಿಂತು ದುಡದೀನಿ. ಹೊಲದಾಗ ದುಡದದ್ದು ಒಕ್ಕಲುತನ ಅಲ್ಲೇನು?"

ಅವನ ಮುಖದಲ್ಲಿ ಎಳ್ಳಷ್ಟೂ ಕಪಟವಿರಲಿಲ್ಲ. ಬೆಂಗಳೂರಿನಲ್ಲಿ ಮನೆ ನಾಯಿಯ ಊಟವನ್ನೂ ಶೂಟಿಂಗ್ ಖರ್ಚಿಗೆ ಸೇರಿಸುವ ಮಹಾನುಭಾವರನ್ನು ನೋಡಿದವಳು ನಾನು. ಇಷ್ಟು ಪ್ರಾಮಾಣಿಕವಾಗಿ ತಪ್ಪು ಮಾಡಿದವನನ್ನು ಅದೇ ಮೊದಲು ನೋಡಿದ್ದು.

ಸರಿಪಡಿಸುವುದು ಕಷ್ಟವಿರಲಿಲ್ಲ. ತಿದ್ದಿದ ರಿಟರ್ನ್ ಸಲ್ಲಿಸಲು ಇನ್ನೂ ಸಮಯವಿತ್ತು. ಸಿನಿಮಾ ಕಲಾವಿದರು ಬಂದ ಸಂಭಾವನೆಯಲ್ಲಿ ಅರ್ಧವನ್ನು ಆದಾಯವೆಂದು ತೋರಿಸಿದರೆ ಸಾಕು, ಖರ್ಚಿನ ಚೀಟಿಗಳನ್ನು ಕೂಡಿಡಬೇಕಿಲ್ಲ ಎಂಬ ಅನುಕೂಲವೂ ಇದೆ. ತೋಟದ ಬಾಡಿಗೆಯನ್ನು ಇತರ ಆದಾಯದ ಕಡೆ ಬರೆಯಬೇಕು. ಲೆಕ್ಕ ಹಾಕಿದರೆ ಅವನು ತೆರಿಗೆ ಕಟ್ಟುವ ಮಟ್ಟವನ್ನೇ ಮುಟ್ಟುತ್ತಿರಲಿಲ್ಲ. ಹಿಡಿದ ತೆರಿಗೆ ಅವನಿಗೇ ವಾಪಸು ಬರಬೇಕಿತ್ತು. ಇದನ್ನು ಹೇಳಿದಾಗ ಅವನು ಹಿಗ್ಗುತ್ತಾನೆ ಎಂದುಕೊಂಡಿದ್ದೆ. ಅವನು ತಲೆ ತಗ್ಗಿಸಿದ.

"ಅಣ್ಣ ಒಪ್ಪಂಗಿಲ್ರಿ. ನೋಟಿಸ್ ಬಂದ ದಿನಾನ, ಹೊಲದಾಗಿನ ರೊಕ್ಕ ಒಕ್ಕಲುತನದ್ದಲ್ಲ ಅಂತ ಬರದ್ರ ಬ್ಯಾರಿ ಆಗೂನು ಅಂದಾನ." ಬೇರೆಯಾಗುವುದೆಂದರೆ ಮನೆ, ಹೊಲ ಎರಡನ್ನೂ ಪಾಲು ಮಾಡುವುದು. ಕಮಲಾಪುರದಲ್ಲಿ ಸುದ್ದಿ ಹಬ್ಬಿತ್ತಂತೆ, ಶರಣಪ್ಪ ಒಂದು ಸಹಿ ಹಾಕಿದರೆ ಬಾಳೆತೋಟಗಳಿಗೆಲ್ಲ ತೆರಿಗೆ ಬೀಳುತ್ತದೆ ಎಂದು. "ನೋಟಿಸ್ ಹಂಗ ಇರಲಿ ಬಿಡ್ರಿ. ದಂಡ ಬಿದ್ರ ಕಟ್ತೀನಿ. ನನಗ ನಮ್ಮಣ್ಣ ಬೇಕ್ರಿ," ಎಂದು ಹೊರಟೇಬಿಟ್ಟ.

ನನಗೆ ಸಿಟ್ಟು ಬಂತು. ನ್ಯಾಯವಾಗಿ ಬರಬೇಕಾದದ್ದನ್ನು ಬಿಟ್ಟುಕೊಟ್ಟು ದಂಡ ಕಟ್ಟುವವನನ್ನು ಸುಮ್ಮನೆ ನೋಡಿಕೊಂಡಿರಲು ನನ್ನಿಂದಾಗದು. ಭಾನುವಾರ ನಾನೇ ಕಮಲಾಪುರಕ್ಕೆ ಬರುತ್ತೇನೆ ಎಂದು ಫೋನಿನಲ್ಲಿ ಹೇಳಿದೆ. ಖಾಲಾ ನನ್ನನ್ನು ಕೂರಿಸಿ ತಾಲೀಮು ಮಾಡಿಸಿದರು. "ಎಂತ ಎಂತ ಅನಬ್ಯಾಡ್ರಿ, ಮಂದಿ ನಗ್ತಾರ. ಕಾನೂನು ಆಮ್ಯಾಲೆ. ಪೈಲೇ ಉಣ್ರಿ," ಎಂದರು. ಪೈಲೇ ಎಂದರೆ ಮೊದಲು.

ಭಾನುವಾರ ಅವರ ಮನೆಗೆ ಹೋಗಿ, ಖಾಲಾ ಹೇಳಿದಂತೆ ಮೊದಲು ಉಂಡೆ. ವೀರಣ್ಣ ಎತ್ತರದ, ಮಾತು ಕಡಿಮೆಯ ಮನುಷ್ಯ. ರೊಟ್ಟಿಯ ಮೇಲೆ ರೊಟ್ಟಿ ಹಾಕಿಸಿದರು, ಮುಖ ಮಾತ್ರ ಸಡಿಲಿಸಲಿಲ್ಲ. ಊಟವಾದ ಮೇಲೆ ತೋಟದ ಅಂಚಿನಲ್ಲಿ ಕೂತೆವು. ಅಕ್ಕಪಕ್ಕದ ಹೊಲದವರೂ ಬಂದು ಸೇರಿದರು. ನಮ್ಮೂರಿನ ಬಾಳೆ ಮನೆಯ ಹಿಂದೆ, ಬಚ್ಚಲ ನೀರು ಕುಡಿದು ತನ್ನ ಪಾಡಿಗೆ ಬೆಳೆಯುತ್ತದೆ. ಇಲ್ಲಿ ಅದು ಸಾಲಾಗಿ, ಕಂದುಗೆಂಪು ಕಾಂಡ ಹೊತ್ತು, ಮನೆತನದ ಗತ್ತಿನಲ್ಲಿ ನಿಂತಿತ್ತು.

ನಾನು 'ಕೃಷಿಯೇತರ ಆದಾಯ' ಎಂದು ಶುರುಮಾಡಿದೆ. ಎಲ್ಲರೂ ಮಳೆ ಬರುತ್ತದೋ ಎಂಬಂತೆ ಮೇಲೆ ನೋಡಿದರು.

ವೀರಣ್ಣ ಕೈ ಎತ್ತಿದರು. "ಮೇಡಂ, ಇವತ್ತ ಶೂಟಿಂಗ್ ಅಂತ ಬರಿತೀರಿ. ನಾಳಿ ಬಾಳಿಗೂ ಟ್ಯಾಕ್ಸ್ ಅಂತಾರ. ನಮಗ ಇದು ಬ್ಯಾಡ್ರಿ."

ನಾನು ಕಾನೂನಿನ ಭಾಷೆಯನ್ನು ಅಲ್ಲೇ ಬಿಟ್ಟೆ. "ಶೂಟಿಂಗ್ ದಿವಸ ಎಷ್ಟು ಗೊನಿ ಕಡದ್ರಿ?" ಎಂದು ಕೇಳಿದೆ.

"ಒಂದೂ ಇಲ್ಲ. ಗೊನಿ ಕ್ಯಾಮೆರಾದಾಗ ಕಾಣಬೇಕು, ಕಡಿಬ್ಯಾಡ್ರಿ ಅಂದ್ರು."

"ನೀರು ಬಿಟ್ರಿ?"

"ಕೆಸರಾಗ್ತದಂತ ಅದೂ ಬ್ಯಾಡಂದ್ರು."

"ಕಡಿಯೂದಿಲ್ಲ, ನೀರು ಬಿಡೂದಿಲ್ಲ. ಮತ್ತ ಅವತ್ತ ಒಕ್ಕಲುತನ ಎಲ್ಲಿ ಆತ್ರಿ?"

ಹಿಂದೆ ಕೂತಿದ್ದ ಮುದುಕರೊಬ್ಬರು ಎಲೆಯಡಿಕೆ ಉಗುಳಿ, "ಖರೇ ಅದ ಬಿಡ್ರಿ. ಅವತ್ತ ನಮ್ಮ ವೀರಣ್ಣನ ಬಾಳಿಗಿಡಾನೂ ಆ್ಯಕ್ಟಿಂಗ್ ಮಾಡ್ಯಾವ," ಎಂದರು. ತೋಟವೆಲ್ಲ ನಕ್ಕಿತು. ಬಾಳೆ ಮಾರಿ ಬಂದದ್ದಕ್ಕೆ ಯಾರೂ ಕೈ ಹಚ್ಚುವುದಿಲ್ಲ, ನಟನೆಗೂ ತೋಟದ ಬಾಡಿಗೆಗೂ ಬಂದದ್ದನ್ನು ಮಾತ್ರ ಬೇರೆ ಬರೆಯಬೇಕು ಎಂದು ಆ ನಗುವಿನ ನಡುವೆಯೇ ಹೇಳಿಬಿಟ್ಟೆ. ಜನರಿಗೆ ಅರ್ಥವಾಯಿತು.

ವೀರಣ್ಣ ಮಾತ್ರ ನಗಲಿಲ್ಲ. ಜನ ಚದುರಿದ ಮೇಲೆ ಅವರು ತಮ್ಮನ ಕಡೆ ನೋಡದೆ ನನಗೆ ಹೇಳಿದರು: "ಟ್ಯಾಕ್ಸಿಂದು ನನಗ ತಿಳೀತ್ರಿ. ಇವ ಕಲಾವಿದ ಅಂತ ಸರಕಾರದಾಗ ಬರಸ್ಯಾನಂದ್ರ ಇನ್ನ ಹೊಲಕ್ಕ ಯಾಕ ಬರ್ತಾನ? ಬೆಂಗಳೂರಿನವ್ರು ಕರೀಲಾಕತ್ತಾರ. ಹೋಗ್ತಾನ. ನಾ ಒಬ್ಬನ ಏನ್ ಮಾಡ್ಲಿ?"

ಕಾನೂನು ಓದಿದ ನನಗೆ ಈ ಪ್ರಶ್ನೆ ಹೊಳೆದಿರಲಿಲ್ಲ. ಮೊಬೈಲು ತೆಗೆದು ರಿಟರ್ನಿನ ಪುಟ ತೋರಿಸಿದೆ. ಕೃಷಿಗೂ ಅಲ್ಲೊಂದು ಜಾಗವಿದೆ, ಕಲೆಗೂ ಇದೆ, ಒಂದನ್ನು ತುಂಬಿದರೆ ಇನ್ನೊಂದು ಅಳಿಸುವುದಿಲ್ಲ ಎಂದೆ. ಅವರು ಅದನ್ನು ನೋಡಿದರೋ ಇಲ್ಲವೋ, ಅಷ್ಟರಲ್ಲಿ ಶರಣಪ್ಪ ಬಾಯಿ ಬಿಟ್ಟ. "ಅಣ್ಣಾ, ನಾ ಎಲ್ಲಿ ಹೋಗ್ಲಿ? ಸಿಡುಕು ಮಾವ ಅಂತ ಮಂದಿ ನಗ್ತಾರಲ್ಲ, ಆ ಸಿಡುಕು ಎಲ್ಲಾ ನಿಂದ ಅದ. ನಿನ್ನ ನೋಡಿ ಕಲ್ತೀನಿ. ನಿನ್ನ ಬಿಟ್ಟು ಹೋದ್ರ ಏನ್ ಆ್ಯಕ್ಟಿಂಗ್ ಮಾಡ್ಲಿ?"

ವೀರಣ್ಣ ತಮ್ಮನ ಬೆನ್ನಿಗೆ ಒಂದು ಗುದ್ದು ಹಾಕಿದರು. "ಬರೀರಿ ಮೇಡಂ. ಎರಡೂ ಬರೀರಿ."

ಬರೆದೆ. ವರ್ಷ ಕಳೆಯುವಷ್ಟರಲ್ಲಿ ಹಿಡಿದ ತೆರಿಗೆ ವಾಪಸು ಬಂತು. ಆ ವಾರ ಅಣ್ಣತಮ್ಮಂದಿರು ಒಂದು ಗೊನೆ ಕೆಂಪು ಬಾಳೆ ಹೊತ್ತು ನನ್ನ ಮೆಟ್ಟಿಲು ಹತ್ತಿದರು. ಜಗತ್‌ನ ಗದ್ದಲದಲ್ಲಿ ವೀರಣ್ಣ ಸ್ವಲ್ಪ ಮುದುಡಿ ಕೂತರು. ನಮ್ಮ ಎರಡು ವರ್ಷ ಮುಗಿಯುತ್ತಾ ಬಂತು ಎಂಬ ಸುದ್ದಿ ಅವರಿಗೆ ಹೇಗೋ ತಲುಪಿತ್ತು.

"ತಂಗಿ," ಎಂದರು. ಮೇಡಂ ಹೋಗಿತ್ತು. "ನಿಮ್ಮ ಟ್ಯಾಕ್ಸ್ ಎಲ್ಲಿ ಕಟ್ತೀರಿ?"

ನನ್ನ ಕಡತ ಇನ್ನೂ ಕರಾವಳಿಯ ವಿಳಾಸದಲ್ಲೇ ಇದೆ ಎಂದೆ. ಊರಿಗೆ ಊರು ಬದಲಿಸಿದರೂ ಅದನ್ನು ಬದಲಿಸಲು ನನಗೆ ಮನಸ್ಸು ಬಂದಿರಲಿಲ್ಲ.

ಅವರ ಮುಖ ಚಿಕ್ಕದಾಯಿತು. "ದುಡಿಯೂದು ಇಲ್ಲಿ, ಉಣ್ಣೂದು ಇಲ್ಲಿ, ಟ್ಯಾಕ್ಸ್ ಅಲ್ಲಿ? ಇದು ಬರೋಬರಿ ಇಲ್ಲ ತಂಗಿ. ನೀವು ಊರಿಗಿ ಹೋಗಿ ಬರ್ರಿ, ಯಾರ್ ಬ್ಯಾಡಂತಾರ? ಆದ್ರ ಟ್ಯಾಕ್ಸ್ ಮಾತ್ರ ನಮ್ಮ ಕಲಬುರಗ್ಯಾಗ ಕಟ್ರಿ."

ಆದಾಯ ತೆರಿಗೆ ಎಲ್ಲಿ ಕಟ್ಟಿದರೂ ಹೋಗುವುದು ದಿಲ್ಲಿಗೇ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಇರಿ ಎಂದು ಈ ಊರಿನಲ್ಲಿ ನನಗೆ ಅದುವರೆಗೆ ಯಾರೂ ಹೇಳಿರಲಿಲ್ಲ. ಸಂತೋಷಕ್ಕೆ ಕಣ್ಣು ತುಂಬಿತು. ಅವರು ಹೋದ ಮೇಲೆ ಕಡತವನ್ನು ಕಲಬುರಗಿಗೆ ವರ್ಗಾಯಿಸುವ ಅರ್ಜಿ ತುಂಬಿಸಿ ಕಳಿಸಿದೆ.

ಸಂಜೆ ಅಮ್ಮನಿಗೆ ಫೋನು ಮಾಡಿದೆ. ಅಕ್ಕನ ಮಕ್ಕಳ ಗಲಾಟೆಯ ನಡುವೆ ಅಮ್ಮ ಕಥೆಯನ್ನೆಲ್ಲ ಕೇಳಿ, ಬಾಳೆಗಿಡದ ಆ್ಯಕ್ಟಿಂಗಿಗೆ ಜೋರಾಗಿ ನಕ್ಕರು. ಇನ್ನು ಮೇಲೆ ನನ್ನ ತೆರಿಗೆ ಇಲ್ಲೇ ಎಂದು ಹೇಳಿದಾಗ ಮಕ್ಕಳನ್ನು ಗದರಿ ಆಚೆ ಕಳಿಸಿದರು.

"ಹಂಗಾರೆ ನಮ್ಗೆಂತ ಕಟ್ತಿ?"

ತೆರಿಗೆಯ ವಿಷಯದಲ್ಲಿ ಯಾರು ಏನು ಕೇಳಿದರೂ ತಟ್ಟನೆ ಉತ್ತರ ಕೊಡುವವಳು ನಾನು. ಅಮ್ಮನಿಗೆ ಮಾತ್ರ, "ನೋಡಿ ಹೇಳ್ತೆ," ಎಂದೆ.