ಒಂದು ಬದಿ ತೆರೆದ ಕಾರು

ಹಂಗಾರಕಟ್ಟೆಯಲ್ಲಿ ನಮ್ಮ ಪಕ್ಕದ ಮನೆಯ ಮೇಸ್ತ್ರಿಗಳು ಮರದ ದೋಣಿ ಕಟ್ಟುತ್ತಿದ್ದವರು. ಮಾತಾಡುವಾಗಲೂ ಎದುರಿದ್ದ ಮೇಜಿನ ಅಂಚನ್ನು ಹೆಬ್ಬೆರಳಿನಿಂದ ಸವರುತ್ತಿದ್ದರು. ಯಾರು ಯಾವ ಕೆಲಸ ತೋರಿಸಿದರೂ ಅವರದು ಒಂದೇ ಮಾತು: “ಹೊರ್ಗ್ ಬಿಡಿ, ಒಳ್ಗ್ ಕಾಣಿ.”

ಹಳೇ ರೇಸ್ ಕಾರೊಂದನ್ನು ಶೆಡ್ಡಿನಲ್ಲಿ ಕಟ್ಟುತ್ತಿರುವ ಫೋಟೋ ನನ್ನಲ್ಲಿತ್ತು. ಎಡಬದಿಗೆ ತಗಡು ಹೊದಿಸಿತ್ತು, ಬಲಬದಿಯಲ್ಲಿ ಬರೀ ಕಂಬಿಗಳ ಹಂದರ. ಅದು ಇದ್ದ ಹಾಗೆಯೇ ಮರದಲ್ಲಿ ಮೊಳದುದ್ದದ ಮಾದರಿ ಬೇಕೆಂದೆ. ಅವರು ದೋಣಿಗೆ ಮಾಡುವಂತೆ ಮೊದಲು ಪಕ್ಕೆಲುಬಿನಂತೆ ಬಾಗಿದ ಮರದ ಪಟ್ಟಿಗಳನ್ನು ನಿಲ್ಲಿಸಿ, ಆಮೇಲೆ ಎಡಬದಿಗೆ ಬೆರಳಗಲದ ಹಲಗೆ ಜೋಡಿಸುತ್ತ ಹೋದರು. ಮಳೆಗಾಲ ಪೂರ್ತಿ ಹಿಡಿಯಿತು.

ಕೊನೆಗೆ ನೋಡಲು ಹೋದರೆ, ಹಲಗೆಗಳ ಸಂದಿಗೆ ಎಣ್ಣೆಯಲ್ಲಿ ಅದ್ದಿದ ಹತ್ತಿಯನ್ನು ಉಳಿಯಿಂದ ತುರುಕುತ್ತ ಕೂತಿದ್ದರು, ದೋಣಿಗೆ ನೀರು ಬಾರದಿರಲೆಂದು ತುರುಕುವ ಹಾಗೆ. ನನಗೆ ನಗು ತಡೆಯಲಾಗಲಿಲ್ಲ.

“ಇದ್ ರಸ್ತಿ ಮೇಲ್ ಓಡು ಕಾರಲ್ದಾ ಮೇಸ್ತ್ರಿಯವ್ರೆ, ಹತ್ತಿ ಎಂತಕೆ? ಆಚಿ ಬದಿ ಹ್ಯಾಂಗೂ ತೆರ್ದೇ ಇತ್ತಲ್ದಾ?”

ಅವರು ತಲೆ ಎತ್ತಲಿಲ್ಲ. ಉಳಿ ಕೆಳಗಿಟ್ಟು, ಮುಚ್ಚಿದ ಬದಿಯನ್ನು ಹೆಬ್ಬೆರಳಿನಿಂದ ಒಮ್ಮೆ ಸವರಿದರು.

“ಆ ಬದಿ ಕಾರ್ ಕಟ್ಟಿದವ್ರ್ ಬಾಕಿ ಬಿಟ್ಟದ್. ನಾ ಮುಚ್ಚಿದ್ ಬದಿಯಿಂದ ನೀರ್ ಒಳ್ಗ್ ಬಪ್ಪುಕಾಗ.”

ಈಗ ಮೇಸ್ತ್ರಿಗಳಿಲ್ಲ. ಕಾರು ನನ್ನ ಮೇಜಿನ ಮೇಲಿದೆ. ಬಂದವರು ಇದು ಯಾವಾಗ ಮುಗಿಯುತ್ತದೆ ಎಂದು ಕೇಳುತ್ತಾರೆ. ನಾನು ಅದನ್ನೆತ್ತಿ, ತೆರೆದ ಬದಿಯನ್ನು ಅವರತ್ತ ತಿರುಗಿಸಿ, ಕಿಟಕಿಗೆ ಹಿಡಿಯುತ್ತೇನೆ. ಆಚೆಯ ಹಲಗೆಗಳ ಸಂದಿಯಲ್ಲಿ ಒಂದೇ ಒಂದು ಬೆಳಕಿನ ಗೆರೆ ಕಾಣುವುದಿಲ್ಲ.