ಬೆಟಗೇರಿಯ ಎಂಟು ರೂಪಾಯಿ ಮನೆ

ನಮ್ಮ ಮನೆಯವರಿಗೆ ಹುಬ್ಬಳ್ಳಿಯ ಅರಳೆ ಗೋದಾಮೊಂದರಲ್ಲಿ ಕಾರಕೂನನ ಕೆಲಸ ಸಿಕ್ಕಾಗ ನಮ್ಮ ಮದುವೆಯಾಗಿ ವರ್ಷವೂ ತುಂಬಿರಲಿಲ್ಲ. ನಾನು ಲಕ್ಷ್ಮೇಶ್ವರದಲ್ಲಿ ಏಳನೆಯ ಇಯತ್ತೆ ಕಲಿತು ಬೆಳ್ಳಟ್ಟಿಯ ಒಕ್ಕಲುತನದ ಮನೆಗೆ ಸೊಸೆಯಾಗಿ ಬಂದವಳು. ಸ್ವಾತಂತ್ರ್ಯ ಬಂದು ಏಳೆಂಟು ವರ್ಷಗಳಾಗಿದ್ದವು. ಪಗಾರ ಅರವತ್ತು ರೂಪಾಯಿ. ಹುಬ್ಬಳ್ಳಿಯ ಬಾಡಿಗೆ ನಮ್ಮ ಕೈಗೆಟುಕುವಂತಿರಲಿಲ್ಲ. ಗದಗಿನಲ್ಲಿ ಮನೆ ಮಾಡಿ, ತಿಂಗಳ ಪಾಸು ತೆಗೆಸಿ, ದಿನಾ ರೈಲಿನಲ್ಲಿ ಹೋಗಿಬರುವವರು ಇದ್ದಾರೆಂದು ಯಾರೋ ಇವರಿಗೆ ಹೇಳಿದ್ದರು.

ಒಂದು ಸಂಜೆ ಕಟ್ಟೆಯ ಮೇಲೆ ಕೂತು ಇವರು ಖರ್ಚಿನ ಚೀಟಿ ಓದಿದರು: ಬಾಡಿಗೆ, ಪಾಸು, ಜೋಳ, ಬೇಳೆ, ಎಣ್ಣೆ, ಬೆಲ್ಲ. ಹನ್ನೆರಡು ರೂಪಾಯಿ ಉಳಿಯುತ್ತಿತ್ತು. ಮಾವ ತಲೆದೂಗಿದರು. ಅತ್ತೆ ಒಳಗಿನಿಂದ ಬಂದು ಕೇಳಿದರು.

“ಇದರಾಗ ಉರುವಲ ಎಲ್ಲೈತಿ?”

ಇವರು ಚೀಟಿ ತಿರುವಿ ನೋಡಿದರು.

“ನೀರಿಗೆ ಎಷ್ಟ? ಹಾಲಿಗೆ? ಇಲ್ಲಿ ಹಿತ್ತಲದಾಗ ಸಿಗೋದೆಲ್ಲಾ ಅಲ್ಲಿ ರೊಕ್ಕಕ್ಕ ಬರ್ತೈತೋ ತಮ್ಮಾ. ನಾನೂ ಈಕಿನೂ ಹೋಗಿ ಎಲ್ಲಾ ಕೇಳ್ಕೊಂಡ ಬರ್ತೀವಿ.”

ನಾನು ಅದುವರೆಗೆ ಗದಗು ನೋಡಿದವಳಲ್ಲ.

ಶಿರಹಟ್ಟಿಯಲ್ಲಿ ಬಸ್ಸು ಬದಲಿಸಿದೆವು. ಬಸ್ಸಿನ ತುಂಬ ಕನ್ನಡ ನಾಡು ಒಂದಾಗುವ ಮಾತೇ ಮಾತು. ಮುಂಬೈ ಸರಕಾರದ ಕೆಳಗೆ ಇನ್ನೆಷ್ಟು ದಿನ ಎಂದು ಒಬ್ಬರು ವಾದಿಸುತ್ತಿದ್ದರು. ಅತ್ತೆ ಅವರನ್ನೇ ಕೇಳಿದರು: “ಎಲ್ಲಾ ಒಂದಾದ್ರ ಜ್ವಾಳ ಸೋವಿ ಆಕ್ಕಾವೇನ್ರಿ?” ಆ ಮನುಷ್ಯ ಕಿಟಕಿಯ ಹೊರಗೆ ನೋಡಿದರು. ನಾನು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡೆ.

ಗದಗಿನ ಪೇಟೆಯಲ್ಲಿ ಅತ್ತೆ ಕೇಳುತ್ತ ಹೋದರು, ನಾನು ಅದೇ ಚೀಟಿಯ ಹಿಂಬದಿಗೆ ಪೆನ್ಸಿಲಿನಿಂದ ಬರೆಯುತ್ತ ಹೋದೆ. ಹೊರೆ ಕಟ್ಟಿಗೆಗೆ ಇಷ್ಟು, ಸೇರು ಹಾಲಿಗೆ ಇಷ್ಟು. ಬೇಳೆ ಅಂಗಡಿಯವನು ತಾಳ್ಮೆಗೆಟ್ಟು, “ಯವ್ವಾ, ತಗೋತೀರೋ ಬರಕೋತೀರೋ?” ಎಂದ.

“ಈಗ ಬರಕೋತೀವಿ. ಮುಂದಿನ ತಿಂಗಳ ತಗೋತೀವಿ. ಖರೆ ರೇಟ ಹೇಳ್ರಿ.”

ಅವನು ನಕ್ಕು ಹೇಳಿದ.

ಸ್ಟೇಷನ್ನಿನ ಹತ್ತಿರದ ಮನೆಗೆ ಹದಿನಾಲ್ಕು ರೂಪಾಯಿ, ನೀರು ಹೊರುವವಳಿಗೆ ಬೇರೆ. ಅಲ್ಲಿಂದ ಪಕ್ಕದ ಬೆಟಗೇರಿಗೆ ನಡೆದೆವು. ಓಣಿಗೆ ಕಾಲಿಡುತ್ತಲೇ ಮನೆ ಮನೆಯಿಂದ ಮಗ್ಗದ ಸಪ್ಪಳ. ನೇಕಾರ ಹೆಣ್ಣುಮಗಳೊಬ್ಬಳು ತನ್ನ ಹಿತ್ತಲಿನ ಎರಡು ಕೋಣೆ ತೋರಿಸಿದಳು. ಬಾಡಿಗೆ ಎಂಟು ರೂಪಾಯಿ, ಅಂಗಳದಲ್ಲೇ ಸಿಹಿನೀರಿನ ಬಾವಿ. ನನ್ನ ಒಲೆ ಎಲ್ಲಿ, ಬೀಸುವ ಕಲ್ಲು ಎಲ್ಲಿ ಎಂದು ಮನಸ್ಸಿನಲ್ಲೇ ಜೋಡಿಸಿಬಿಟ್ಟೆ. ಆಮೇಲೆ ಕಟ್ಟೆಯ ಮೇಲೆ ಕೂತು ಲೆಕ್ಕ ಹಾಕಿದರೆ ಪಗಾರ ಮೂರು ರೂಪಾಯಿ ಕಡಿಮೆ ಬೀಳುತ್ತಿತ್ತು. ಎರಡು ಸಲ ಕೂಡಿಸಿದೆ. ಅಷ್ಟೇ ಬಂತು.

ಅತ್ತೆಯ ಕಣ್ಣು ಮಾತ್ರ ಆ ಹೆಣ್ಣುಮಗಳ ಕೈಮೇಲಿತ್ತು. ಆಕೆ ಮಾತಾಡುತ್ತಲೇ ರಾಟೆ ತಿರುಗಿಸಿ, ಮಗ್ಗದ ಲಾಳಿಯೊಳಗೆ ಇಡುವ ಕಂಡಿಕೆ ಎಂಬ ಸಣ್ಣ ಕೊಳವೆಗೆ ನೂಲು ಸುತ್ತುತ್ತಿದ್ದಳು.

“ಇದಕ್ಕೇನ ಕೊಡ್ತಾರ?”

“ದಿನಾ ಕುಂತು ಸುತ್ತಿದ್ರ ತಿಂಗಳಿಗೆ ಐದಾರು ರೂಪಾಯಿಗೆ ಮೋಸಿಲ್ಲ ಬಿಡ್ರಿ.”

ಅತ್ತೆ ನನ್ನ ಕಡೆ ತಿರುಗಿದರು. “ಕಲೀತಿ?”

“ಕಲೀತೀನ್ರಿ ಅತ್ತಿ.”

ಅಲ್ಲೇ ಕೂತು ನಾನೂ ನೂಲು ಸುತ್ತಿ ನೋಡಿದೆ. ಎರಡು ಸಲ ಎಳೆ ಹರಿಯಿತು. ಮೂರನೆಯ ಸಲ ಕಂಡಿಕೆ ತುಂಬಿದಾಗ ಅದನ್ನು ಕೆಳಗಿಡಲು ನನಗೆ ಮನಸ್ಸೇ ಬರಲಿಲ್ಲ.

ಊರಿಗೆ ಬಂದು ರಾಟೆಯ ವಿಷಯ ಹೇಳಿದಾಗ ಮಾವ ಮುಖ ಗಂಟಿಕ್ಕಿದರು. “ನಮ್ಮ ಸೊಸಿ ಮಂದಿ ಮನಿ ಕೂಲಿ ಮಾಡಬೇಕೇನು?”

“ಇಲ್ಲಿ ಹೊಲದಾಗ ಕಳೆ ತಗಿತಾಳಲ್ಲ, ಅದಕ್ಕೇನಂತೀರಿ?” ಎಂದರು ಅತ್ತೆ. ಮಾವ ಎಲೆಗೆ ಸುಣ್ಣ ಹಚ್ಚತೊಡಗಿದರು.

ದಸರೆ ಮುಗಿಸಿ ಬೆಟಗೇರಿಗೆ ಬಂದೆವು. ಇವರು ನಸುಕಿನಲ್ಲೇ ಬುತ್ತಿ ಹಿಡಿದು ಸ್ಟೇಷನ್ನಿಗೆ ನಡೆಯುತ್ತಿದ್ದರು, ನಾನು ರಾಟೆಯ ಮುಂದೆ ಕೂರುತ್ತಿದ್ದೆ. ಅಷ್ಟೆಲ್ಲ ಬರೆದರೂ ಒಂದು ಖರ್ಚು ನಮಗಾರಿಗೂ ಹೊಳೆದಿರಲಿಲ್ಲ: ನೆಂಟರು. ದವಾಖಾನೆಗೆ ಬಂದವರು, ಸಂತೆಗೆ ಬಂದವರು, ಮುಂಡರಗಿಯ ಬಸ್ಸು ತಪ್ಪಿಸಿಕೊಂಡವರು, ಎಲ್ಲರಿಗೂ ನಮ್ಮದೇ ಮನೆ. ಮೊದಲ ತಿಂಗಳ ಸಕ್ಕರೆ ಹದಿನೈದು ದಿನಕ್ಕೇ ಮುಗಿಯಿತು. ಸುದ್ದಿ ತಿಳಿದ ಅತ್ತೆ ಬೆಳ್ಳಟ್ಟಿಯಲ್ಲಿ ಎಲ್ಲರಿಗೂ ಹೇಳಿಬಿಟ್ಟರು: “ನನ್ನ ಮಗನ ಮನಿಗೆ ಹೋಗಾವ್ರು ಎರಡ ಸೇರು ಜ್ವಾಳ ಕಟ್ಕೊಂಡ ಹೋಗ್ರಿ.” ಯಾರೂ ಬೇಸರಪಡಲಿಲ್ಲ. ಆಮೇಲೆ ನಮಗೆ ಜೋಳ ಕೊಳ್ಳುವ ಪ್ರಸಂಗ ಬಂದದ್ದೇ ಅಪರೂಪ.

ನಾಲ್ಕನೆಯ ತಿಂಗಳು ಎಲ್ಲ ಕಳೆದು ನನ್ನ ಕೈಯಲ್ಲಿ ಎರಡು ರೂಪಾಯಿ ಮಿಕ್ಕಿತು. ಏನು ತರಲಿ ಎಂದು ಇವರು ಕೇಳಿದರು.

“ಏನೂ ತರಬ್ಯಾಡ್ರಿ. ನನಗೂ ಒಂದ ಟಿಕೀಟ ತಗಸ್ರಿ. ನೀವು ದಿನಾ ಹೋಗೋ ದಾರಿ ನೋಡಬೇಕ.”

ಮರುದಿನ ಎರಡು ಬುತ್ತಿ ಕಟ್ಟಿದೆ. ಸ್ಟೇಷನ್ನಿನಲ್ಲಿ ಇವರ ಜೊತೆಯವರು ಸರಿದು ಕಿಟಕಿಯ ಬದಿಗೆ ನನಗೆ ಜಾಗ ಕೊಟ್ಟರು. ಗಾಡಿ ಜಗ್ಗಿ ಹೊರಟಿತು. ಹೊರಗೆ ಕರಿಹೊಲಗಳು ಓಡತೊಡಗಿದವು. ಹುಬ್ಬಳ್ಳಿ ಬರುವವರೆಗೂ ನಾನು ಕಿಟಕಿಯ ಸರಳು ಬಿಡಲಿಲ್ಲ.